ಮಾಳಿಗೆಯಂಚಿನ ಗೋಡೆಯೂ ಭೂಕಂಪವೂ

ಮಾಳಿಗೆಯ ಅಂಚಿನಲ್ಲಿ ಕಟ್ಟುವ ಇಟ್ಟಿಗೆಯ ಪ್ಯಾರಾಪೆಟ್ ಗೋಡೆಯು ಕಟ್ಟಡಕ್ಕೆ ಶೋಭೆಯನ್ನೂ, ಮೇಲೆ ನಡೆದಾಡುವವರಿಗೆ ರಕ್ಷಣೆಯನ್ನೂ ಕೊಡತಕ್ಕುದು. ಆದರೆ ಒಳಗೆ ಉಕ್ಕಿನ ಸರಳಿಲ್ಲದಿದ್ದರೆ, ಭೂಕಂಪದಲ್ಲಿ ಮೊದಲು ಉರುಳುವವುಗಳಲ್ಲಿ ಅದೂ ಒಂದು.

ಇದಕ್ಕೆ ಕಾರಣಗಳು ಮೂರು. ನೆಲದ ಕಂಪನವು ಕಟ್ಟಡವನ್ನೇರಿದಂತೆ ಹಿಗ್ಗಿ ಮಾಳಿಗೆಯಲ್ಲಿ ಪ್ರಬಲವಾಗುತ್ತದೆ. ಕೆಳಗಿನ ಗೋಡೆಯನ್ನು ಮೇಲಿನ ಭಾರವು ಒತ್ತಿ ಹಿಡಿದಿರುತ್ತದೆ. ಪ್ಯಾರಾಪೆಟ್ಟಿಗೆ ಆ ಭಾರವಿಲ್ಲ, ಬುಡವೊಂದೇ ಆಧಾರ. ಇಟ್ಟಿಗೆ ಗಾರೆಗಳ ಬೆಸುಗೆಯು ಒತ್ತಡವನ್ನು ತಾಳಬಲ್ಲದೇ ಹೊರತು ಎಳೆತವನ್ನು ತಾಳಲಾರದು. ಆದುದರಿಂದ ಬುಡದಲ್ಲಿ ಬಿರುಕೊಡೆದು, ಗೋಡೆಯು ತೂಗಾಡಿ ಬೀದಿಗೆ ಮಗುಚುತ್ತದೆ.

1933ರ ಮಾರ್ಚ್ 10ರ ಸಂಜೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರವು ನಡುಗಿದಾಗ, ಹೊರಗೋಡಿ ಬಂದವರಲ್ಲಿ ಅನೇಕರು ಮೇಲಿನಿಂದ ಬಿದ್ದ ಇಟ್ಟಿಗೆಗಳಿಂದಲೇ ಮಡಿದರು. ಹಲವು ಶಾಲೆಗಳು ಕುಸಿದವು. ಮಕ್ಕಳು ಶಾಲೆ ಬಿಟ್ಟಿದ್ದ ಹೊತ್ತಾದುದರಿಂದ ಮಹಾದುರಂತವು ತಪ್ಪಿತು. ತಿಂಗಳು ತುಂಬುವಷ್ಟರಲ್ಲಿ ಶಾಲಾಕಟ್ಟಡಗಳ ಭದ್ರತೆಗಾಗಿ ಅಲ್ಲಿ ಫೀಲ್ಡ್ ಕಾಯಿದೆ ಬಂದಿತು. 1949ರಲ್ಲಿ ಲಾಸ್ ಏಂಜಲೀಸ್ ನಗರವು ಹಳೆಯ ಪ್ಯಾರಾಪೆಟ್ಟುಗಳನ್ನು ತೆಗೆಯಬೇಕು, ಇಲ್ಲವೆ ಬಿಗಿಯಬೇಕೆಂದು ವಿಧಿಸಿತು.

ಉಪಾಯವು ದುಸ್ಸಾಧ್ಯವಲ್ಲ. ಎತ್ತರವನ್ನು ತಗ್ಗಿಸಿ, ಉಕ್ಕಿನ ಊರೆಗಳಿಂದ ಗೋಡೆಯನ್ನು ಮಾಳಿಗೆಗೆ ಬಿಗಿಯಬೇಕು. ಹೊಸದಾದರೆ ಕಾಂಕ್ರೀಟಿನ ಕಂಬ ಪಟ್ಟಿಗಳಿಂದ ಬಂಧಿಸಬೇಕು. ಮಕ್ಕಳು ಗುಂಪಾಗಿ ಹೊರಬರುವ ಶಾಲೆಯ ಬಾಗಿಲ ಮೇಲಣ ಗೋಡೆಗೆ ಈ ಎಚ್ಚರವು ಮೊದಲು ಸಲ್ಲತಕ್ಕುದು.