ಲೈಪೇಸ್ 3,000 ಇದ್ದರೇನಂತೆ?

ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು, ನಿಲ್ಲದ ವಾಂತಿ, ಆಮೇಲೆ ಲ್ಯಾಬ್ ರಿಪೋರ್ಟು. ಅದರಲ್ಲಿ ಲೈಪೇಸ್ 3,000 ಎಂದು ಕಂಡರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಮರುದಿನ 800ಕ್ಕೆ ಇಳಿದರೆ ದೇವರಿಗೆ ತುಪ್ಪದ ದೀಪ. ಎರಡೂ ಅವಸರವೇ. ಮೇದೋಜೀರಕ ಗ್ರಂಥಿಗೆ ದಿಢೀರ್ ಉರಿಯೂತ ಬಂದಾಗ ಅದರ ಕಿಣ್ವಗಳಾದ ಲೈಪೇಸ್, ಅಮೈಲೇಸ್ ರಕ್ತಕ್ಕೆ ಸೋರುತ್ತವೆ. ಅವುಗಳ ಪ್ರಮಾಣ ಸಹಜ ಮೇಲ್ಮಿತಿಯ 3 ಪಟ್ಟು ದಾಟಿ, ನೋವೂ ಆ ಬಗೆಯದ್ದೇ ಆಗಿದ್ದರೆ ಕಾಯಿಲೆ ಇದೇ ಎನ್ನಬಹುದು. ಎಷ್ಟು ತೀವ್ರ ಎನ್ನಲಾಗದು. ಬಾಗಿಲು ಬಡಿದ ಸದ್ದಿನಿಂದ ಯಾರೋ ಬಂದರೆಂದು ತಿಳಿಯುತ್ತದೆ, ಬಂದವನ ಉದ್ದೇಶ ತಿಳಿಯುವುದಿಲ್ಲ. ಪಿತ್ತಕೋಶದ ಕಲ್ಲು ಸಿಕ್ಕಿಕೊಂಡು ಕಿಣ್ವ ಸಾವಿರಗಟ್ಟಲೆ ಏರಿದವರಲ್ಲಿ ಬಹಳ ಮಂದಿ ವಾರದೊಳಗೆ ಉಂಡು ಓಡಾಡುತ್ತಾರೆ. ವರ್ಷಾನುಗಟ್ಟಲೆ ಕುಡಿದು ಗ್ರಂಥಿ ಸವೆಸಿಕೊಂಡವರಲ್ಲಿ ಸೋರಲು ಕಿಣ್ವವೇ ಅಷ್ಟಾಗಿ ಉಳಿದಿರುವುದಿಲ್ಲ. ಸಂಖ್ಯೆ ಸಾಧುವಾಗಿ ಕಂಡರೂ ರೋಗಿ ಅಪಾಯದಲ್ಲಿರಬಹುದು.

ಹಾಗಾದರೆ ತೀವ್ರತೆಯನ್ನು ಎಲ್ಲಿ ಹುಡುಕಬೇಕು? ಗ್ರಂಥಿಯ ಹೊರಗೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಜಾನ್ ರಾನ್ಸನ್ 1974ರಲ್ಲಿ ಮುಂದಿಟ್ಟ 11 ಅಳತೆಗಳಲ್ಲಿ ಅಮೈಲೇಸೂ ಇಲ್ಲ, ಲೈಪೇಸೂ ಇಲ್ಲ. ವಯಸ್ಸು, ಬಿಳಿ ರಕ್ತಕಣ, ಸಕ್ಕರೆ ಮುಂತಾದ 5 ದಾಖಲಾದಾಗ. ಉಳಿದ 6 ಅನ್ನು 48 ಗಂಟೆಯೊಳಗೆ ನೋಡಬೇಕು. ಆ ಆರರಲ್ಲಿ ಅತಿ ಸೋಜಿಗದ್ದು ಕ್ಯಾಲ್ಸಿಯಂ. ಹೊಟ್ಟೆಯೊಳಗಿನ ಕೊಬ್ಬನ್ನು ಲೈಪೇಸ್ ಅರಗಿಸತೊಡಗಿದಾಗ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಸಾಬೂನಾಗುತ್ತವೆ. ಹೌದು, ಸಾಬೂನೇ! ಶಸ್ತ್ರವೈದ್ಯರಿಗೆ ಕೊಬ್ಬಿನ ಮೇಲೆ ಸುಣ್ಣ ಸಿಡಿದಂತಹ ಬಿಳಿ ಮಚ್ಚೆಗಳು ಕಾಣುವುದು ಇದರಿಂದ. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 8 ಮಿಲಿಗ್ರಾಂಗಿಂತ ಕೆಳಗಿಳಿಯಲು ಇದೂ ಒಂದು ಕಾರಣ. ಕಿಣ್ವದ ಪ್ರಮಾಣ ಹೇಳದ್ದನ್ನು ಕಿಣ್ವ ಮಾಡಿದ ಹಾನಿ ಹೇಳುತ್ತದೆ.

ಇಷ್ಟೆಲ್ಲ ಲೆಕ್ಕವೇಕೆ, ಬಂದ ಕೂಡಲೇ ಸಿಟಿ ಸ್ಕ್ಯಾನ್ ಮಾಡಿದರಾಗದೇ ಎನ್ನುವವರುಂಟು. ರೋಗ ಯಾವುದೆಂಬ ಅನುಮಾನವಿದ್ದರೆ ಮಾಡಲಿ. ಆದರೆ ಗ್ರಂಥಿಯ ಯಾವ ಭಾಗ ಸತ್ತಿದೆ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಲು ಮೂರ್ನಾಲ್ಕು ದಿನ ಬೇಕು. ಮೊದಲ ದಿನದ ಸ್ಕ್ಯಾನ್ ಸುಳ್ಳು ಸಮಾಧಾನ ಕೊಟ್ಟೀತು. 48 ಗಂಟೆ ಕಾಯುವುದು ತೀರಾ ತಡವಲ್ಲವೇ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. 2008ರ ಬೈಸ್ಯಾಪ್ ಮಾಪನ ಹುಟ್ಟಿದ್ದು ಇದಕ್ಕಾಗಿಯೇ: ರಕ್ತದ ಯೂರಿಯಾ ಸಾರಜನಕ, ಮಂಕು, ದೇಹವ್ಯಾಪಿ ಉರಿಯೂತದ ಲಕ್ಷಣ, 60 ದಾಟಿದ ವಯಸ್ಸು, ಶ್ವಾಸಕೋಶದ ಸುತ್ತ ನೀರು, ಈ ಐದನ್ನು ಮೊದಲ 24 ಗಂಟೆಯಲ್ಲೇ ನೋಡಬಹುದು. ಆದರೂ ಗಡಿಯಾರವನ್ನು ಬಿಡಲಾಗಿಲ್ಲ. ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಉಸಿರಾಟ, ಮೂತ್ರಪಿಂಡ, ರಕ್ತಪರಿಚಲನೆ ಇವುಗಳಲ್ಲೊಂದು ಕೆಟ್ಟು 48 ಗಂಟೆ ಮೀರಿಯೂ ಸರಿಹೋಗದಿದ್ದರೆ ಮಾತ್ರ ಕಾಯಿಲೆ 'ತೀವ್ರ'. ಹಾಗೆಂದು ಚಿಕಿತ್ಸೆಯೇನೂ ಕಾಯುವುದಿಲ್ಲ. ಸಲೈನ್, ನೋವಿನ ಮದ್ದು ಮೊದಲ ಗಂಟೆಯಲ್ಲೇ ಶುರು. ಕಾಯಿಸುವವರು ನಾವು: ಗ್ಯಾಸ್ ಎಂದು ಸೋಡಾ ಕುಡಿದು, ಬಟ್ಟಿ ಬಿದ್ದಿದೆಯೆಂದು ಹೊಟ್ಟೆ ತಿಕ್ಕಿಸಿಕೊಂಡು, ಆ ಮೊದಲ ಗಂಟೆಗಳನ್ನು ಆಸ್ಪತ್ರೆಯ ಹೊರಗೇ ಕಳೆಯುತ್ತೇವೆ.