ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಯೇ?

‘ಬಾಣಂತಿಗೆ ನೀರು ಕೊಡಬೇಡಿ, ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ.’ ಅಜ್ಜಿಯರ ಬಾಯಲ್ಲಿದ್ದ ಈ ಮಾತು ಈಗ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ಅರಸೀಕೆರೆ ಕಡೆಯ ಬಿಸಿಲು ಗೊತ್ತಲ್ಲ? ಆ ಬಿಸಿಲಲ್ಲಿ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮುಚ್ಚಿದ ಕಿಟಕಿ, ಮೇಲೆ ದಿನಕ್ಕೆ ಒಂದೆರಡು ಲೋಟ ನೀರು. ಇದು ಸರಿಯೇ?

ಸರಿಯಲ್ಲ. ಹೆರಿಗೆಯಾದ ಕೂಡಲೇ ಗರ್ಭಕೋಶ ಸುಮಾರು 1 ಕೆ.ಜಿ. ತೂಗುತ್ತದೆ. ಅದು ಕುಗ್ಗಿ ಮೊದಲಿನಂತಾಗಲು ಸುಮಾರು 6 ವಾರ ಬೇಕು. ಹಿಗ್ಗಿದ ಹೊಟ್ಟೆಯ ಸ್ನಾಯು ಬಿಗಿಯಾಗಲು ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಹೊಟ್ಟೆ ದಪ್ಪ ಕಾಣುವುದು ಇದರಿಂದ, ನೀರಿನಿಂದಲ್ಲ. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ. ಅದು ತಾಯಿಯ ದೇಹದಿಂದಲೇ ಹೋಗಬೇಕು. ತಾಯಿ ನೀರು ಕುಡಿದಳೆಂದು ಮಗುವಿಗೆ ಶೀತವಾಗುವುದೂ ಇಲ್ಲ, ಶೀತ ಬರುವುದು ವೈರಸ್‌ನಿಂದ.

ನೀರು ಕಡಿಮೆಯಾದರೆ ಮಲ ಗಟ್ಟಿಯಾಗಿ ಹೊಲಿಗೆ ನೋಯುತ್ತದೆ, ಉರಿಮೂತ್ರ ಬರಬಹುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನೀರಿಲ್ಲದೆ, ಎದ್ದು ಓಡಾಡದೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದಂತಾದರೆ, ಜ್ವರ ಬಂದರೆ, ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ಹಾಗಂತ ಬಾಣಂತನವೇ ತಪ್ಪು ಎಂದು ನಾವು ಹೇಳುತ್ತಿಲ್ಲ. ತವರಿನ ಆರೈಕೆ, ಬಿಸಿನೀರಿನ ಸ್ನಾನ, ಕೊಬ್ಬರಿ ಹಾಕಿದ ಅಂಟಿನುಂಡೆ ಎಲ್ಲವೂ ಇರಲಿ. ಜೊತೆಗೆ ಸೊಪ್ಪು, ಬೇಳೆ, ಹಣ್ಣೂ ಇರಲಿ. ಬೇಲೂರಿನ ಮಳೆಗಾಲದ ಚಳಿಗೆ ಕೋಣೆ ಬೆಚ್ಚಗಿರಬೇಕು ನಿಜ, ಆದರೆ ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಮಾತ್ರ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಇನ್ನು ಮನಸ್ಸಿನ ವಿಷಯ. ಇದರ ಬಗ್ಗೆ ಫಾರ್ವರ್ಡ್ ಬರುವುದು ಕಡಿಮೆ. ಹೆರಿಗೆಯಾದ ಎರಡು-ಮೂರನೇ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಖಿನ್ನತೆ ಇರಬಹುದು. ‘ಎಲ್ಲರೂ ಹೆತ್ತಿಲ್ವಾ’ ಎಂಬ ಮಾತು ಅದಕ್ಕೆ ಔಷಧಿಯಲ್ಲ. ನಿದ್ದೆಯೇ ಇಲ್ಲದೆ, ಇಲ್ಲದ ದನಿ ಕೇಳುತ್ತಿದೆ, ಯಾರೋ ಮಗುವಿಗೆ ಕೇಡು ಮಾಡುತ್ತಾರೆ ಎನ್ನುತ್ತಿದ್ದರೆ ಅದು ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡು ಮಂದಿಗೆ ಬರುತ್ತದೆ. ದೃಷ್ಟಿ ತೆಗೆಯುವುದರಲ್ಲಿ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಜೊತೆಯಲ್ಲೇ ಇರಿಸಿಕೊಂಡು ನೋಡುವ ವಿಭಾಗವಿದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ಮಗುವಿನ ತೂಕದ ಜೊತೆಗೆ ತಾಯಿಯ ನಿದ್ದೆ, ಅಳುವಿನ ಬಗ್ಗೆಯೂ ಹೇಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.