ಬಿಲ್ಲಿಗೆ ಹೊಸ ಸೈಟ್ ಹಾಕಿದ್ರಾ? ಬಾಣ ಹೋದ ಕಡೆಗೇ ಪಿನ್ ಸರಿಸ್ರಿ

ರಾಯಚೂರಿನಿಂದ ಮಾತಾಡ್ತಿದ್ದೀನಿ. ದೇವದುರ್ಗದ ಕೇಳುಗನೊಬ್ಬ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದ್ದ: "ಅಣ್ಣಾ, ರಿಕರ್ವ್ ಬಿಲ್ಲಿಗೆ ಹೊಸ ಸೈಟ್ ಹಾಕೀನಿ. ಬಾಣ ಎಡಕ್ಕ ಹೋಗ್ತದಂತ ಪಿನ್ ಬಲಕ್ಕ ಸರಿಸಿದೆ, ಇನ್ನೂ ಎಡಕ್ಕ ಹೋತು. ಎರಡು ಬಾಣ ಹೊಲದಾಗ ಕಳದಾವ. ಮುಂದಿನ ತಿಂಗಳು ಸೆಲೆಕ್ಷನ್ ಅದ."

ಸೈಟ್ ಅಂದ ಕೂಡಲೇ ಲೇಔಟ್‌ನ 30-40 ನೆನಪಾದವರಿಗೆ ಹೇಳಿಬಿಡ್ತೀನಿ, ಇದು ಅದಲ್ಲ. ಬಿಲ್ಲಿನ ಮುಂದೆ ಕೂರೋ, ಗುರಿ ನೋಡೋ ಸಾಧನ. ಸುರಪುರ ಸೀಮೆಯ ಬೇಡರ ಬಿಲ್ಲಿಗೆ ಇದಿರಲಿಲ್ಲ. ಇವತ್ತಿಗೂ ನಮ್ಮ ದೇಶದ ಇಂಡಿಯನ್ ರೌಂಡ್‌ನಲ್ಲಿ ಬಿದಿರಿನ ಬಿಲ್ಲಿಗೆ ಸೈಟ್ ಇಲ್ಲ.

ತಮ್ಮಾ, ನೀ ಮಾಡಿದ್ದು ಹೊಸಬರೆಲ್ಲ ಮಾಡೋ ತಪ್ಪು. ಬಾಣ ಎಡಕ್ಕೆ ಬಿದ್ರೆ ಪಿನ್ನೂ ಎಡಕ್ಕೆ. ಮೇಲೆ ಬಿದ್ರೆ ಪಿನ್ನೂ ಮೇಲಕ್ಕೆ. ಯಾಕಂದ್ರೆ ಪಿನ್ ಎಡಕ್ಕೆ ಸರಿಸಿದ ಮೇಲೆ ಅದನ್ನ ಮತ್ತೆ ಹಳದಿ ಮೇಲೆ ಕೂರಿಸೋಕೆ ನಿನ್ನ ಕೈ ಇಡೀ ಬಿಲ್ಲನ್ನೇ ಬಲಕ್ಕೆ ಒಯ್ಯುತ್ತೆ. ಬಾಣ ಬಿಲ್ಲಿನ ಮಾತು ಕೇಳುತ್ತೆ, ಪಿನ್ನಿನ ಮಾತಲ್ಲ.

ಎಷ್ಟು ಸರಿಸಬೇಕು? ನಾನು ಕಾಮರ್ಸ್ ಹುಡುಗ, ಲೆಕ್ಕ ಬಿಡಲ್ಲ. ಕಣ್ಣಿಂದ ಪಿನ್‌ಗೆ ಹೆಚ್ಚುಕಡಿಮೆ 90 ಸೆಂ.ಮೀ. ಅಂತಿಟ್ಕೊಳ್ಳಿ. ಗುರಿ 18 ಮೀಟರ್ ದೂರ ಇದ್ರೆ ಅದು 20 ಪಟ್ಟು. ಅಂದ್ರೆ ಪಿನ್ 1 ಮಿ.ಮೀ. ಸರಿದ್ರೆ ಗುರಿ ಮೇಲೆ ಬಾಣ 2 ಸೆಂ.ಮೀ. ಸರಿಯುತ್ತೆ. 10 ಸೆಂ.ಮೀ. ಎಡಕ್ಕೆ ಬೀಳ್ತಿದ್ರೆ ಪಿನ್ 5 ಮಿ.ಮೀ. ಎಡಕ್ಕೆ, ಅಷ್ಟೇ. ಒಲಿಂಪಿಕ್ಸ್‌ನ 70 ಮೀಟರ್‌ನಲ್ಲಿ ಅದೇ 1 ಮಿ.ಮೀ. ಸುಮಾರು 7.8 ಸೆಂ.ಮೀ. ಆಗುತ್ತೆ. ಅಲ್ಲಿ ಹತ್ತರ ವೃತ್ತದ ಅಗಲವೇ 12.2 ಸೆಂ.ಮೀ. ನಟ್ಟನಡುವಿಂದ ಹೊರಟ ಬಾಣ ಹತ್ತರಿಂದ ಆಚೆ!

ಆದ್ರೆ ಒಂದು ಬಾಣ ನೋಡಿ ಪಿನ್ ಮುಟ್ಟಬ್ಯಾಡ. 10 ಮೀಟರ್‌ನಿಂದ ಶುರು ಮಾಡು. ಮೂರು ಬಾಣ ಬಿಡು, ಮೂರರ ನಡುಬಿಂದು ನೋಡು. ಮೂರೂ ಮೂರು ದಿಕ್ಕಿಗೆ ಹೋಗಿದ್ರೆ ತಪ್ಪು ಸೈಟ್‌ದಲ್ಲ, ನಿನ್ನದು. ಸೈಟ್ ಮುಂದಿನ ಗುರುತಾದ್ರೆ, ಗದ್ದಕ್ಕೆ ತಾಗಿದ ಹಗ್ಗ ಹಿಂದಿನ ಗುರುತು. ಹಗ್ಗ ದಿನಕ್ಕೊಂದು ಜಾಗಕ್ಕೆ ತಾಗಿದ್ರೆ ಎಷ್ಟು ದುಬಾರಿ ಸೈಟ್ ಆದ್ರೂ ದಂಡ. ಮೂರು ಒಂದೇ ಕಡೆ ಬೀಳೋಕೆ ಶುರುವಾದ್ಮೇಲೆ ಮೊದಲು ಮೇಲೆ-ಕೆಳಗೆ, ಆಮೇಲೆ ಎಡ-ಬಲ. ನಂತರ 18, 30 ಅಂತ ದೂರ ಹೋಗು. ದೂರ ಹೆಚ್ಚಿದಂಗೆ ಪಿನ್ ಕೆಳಗಿಳಿಯುತ್ತೆ. ಪ್ರತಿ ದೂರಕ್ಕೂ ಸ್ಕೇಲ್ ಮೇಲಿನ ಅಂಕಿ ಬರೆದಿಡು.

ಗುರಿ ಹಿಂದೆ ಏನಿದೆ ಅಂತಾನೂ ನೋಡ್ರಿ. ಮಾನ್ವಿ ಕಡೆ ಕಾಲುವೆ ಏರಿಗೆ ಗುರಿ ಒರಗಿಸೋದು ಸುಲಭ, ಆದ್ರೆ ಏರಿ ಮೇಲೆ ಜನ, ಎಮ್ಮೆ ಓಡಾಡ್ತಾವೆ. ಸೈಟ್ ಇನ್ನೂ ಕೂರದ ಬಿಲ್ಲಿನ ಬಾಣ ಎಲ್ಲಿಗೆ ಬೇಕಾದ್ರೂ ಹೋದೀತು.

ಇನ್ನು ಸ್ಕ್ರೂ. ಮಾನ್ವಿಯಿಂದ ಒಮ್ಮೆ ಬೈಕ್ ಮೇಲೆ ಬಿಲ್ಲು ತಂದಿದ್ದೆ. ಮರುದಿನ ಬಾಣ ಎಲ್ಲ ಕೆಳಗೆ. ಅರ್ಧ ದಿನ ಕೈಯನ್ನ ಬೈದುಕೊಂಡೆ. ನೋಡಿದ್ರೆ ಸೈಟ್‌ನ ಸ್ಕ್ರೂ ಸಡಿಲ. ಹಂಗಾಗಿ ತಮ್ಮಾ, ಸೆಲೆಕ್ಷನ್ ದಿನ ಬಸ್ ಇಳಿದ ಕೂಡಲೇ ಮೊದಲು ಆಲನ್ ಕೀ ತಗಿ, ಆಮೇಲೆ ಚಾ ಕುಡಿ.